ನೀರು ಬಿಟ್ಟರೆ

"ನಿಮ್ಮಂಗನ ಐತ್ರಿ ದಾದಾ ಇದು. ನೀರ ಕಂಡ್ರ ಆಸಿ, ಕುಡದ್ರ ಕೇಡು," ಎನ್ನುತ್ತ ಸ್ನೇಹಲ್ ಆ ಕುಂಡವನ್ನು ಗುರುನಾಥನ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟಳು.

ಕುಂಡ ಅಂದರೆ ಅದೇನೂ ಅಂಗಡಿಯಿಂದ ತಂದದ್ದಲ್ಲ. ಡಯಾಲಿಸಿಸ್ ಯಂತ್ರಕ್ಕೆ ಔಷಧದ ನೀರು ತುಂಬಿ ಬರುವ ಬಿಳಿ ಕ್ಯಾನನ್ನು ಅರ್ಧಕ್ಕೆ ಕೊಯ್ದು ಮಾಡಿದ್ದು. ಬೈಲಹೊಂಗಲದ ಆ ದವಾಖಾನೆಯ ಕಿಟಕಿಗಳ ತುಂಬ ಅಂಥವೇ ಸಾಲಾಗಿ ನಿಂತಿದ್ದವು. ಸ್ನೇಹಲ್ ಅಲ್ಲಿ ಯಂತ್ರ ನಡೆಸುವವಳು. ಬೆಳಗಾವಿ ಕಡೆಯ ಹುಡುಗಿ, ಮನೆಯಲ್ಲಿ ಮರಾಠಿ; ಕನ್ನಡವನ್ನು ಇಲ್ಲಿಗೆ ಬಂದ ಮೇಲೆ, ಸೂಜಿ ಚುಚ್ಚಿಸಿಕೊಂಡು ಮಲಗಿದವರ ಜೊತೆ ಹರಟುತ್ತ ಹರಟುತ್ತಲೇ ಕಲಿತಿದ್ದಳು. ಮಲಗಿದವರಿಗೆ ನಾಲ್ಕು ತಾಸು ಮಾತಾಡುವುದು ಬಿಟ್ಟರೆ ಬೇರೆ ಏನು ಕೆಲಸ ಇರುತ್ತದೆ, ಹೇಳಿ. ಹಾಗಾಗಿ ಅವಳ ಕನ್ನಡ ಬೇಗ ಬಲಿತಿತ್ತು.

ಗಿಡ ಮಾತ್ರ ವಿಚಿತ್ರವಾಗಿತ್ತು. ಮರಳು, ಇಟ್ಟಂಗಿ ಚೂರುಗಳ ಮೇಲೆ ಬುಡವೇ ಒಂದು ಗಡ್ಡೆಯ ಹಾಗೆ ಉಬ್ಬಿಕೊಂಡು ಕುಳಿತಿತ್ತು. ಆ ಗಡ್ಡೆಯ ನೆತ್ತಿಯಿಂದ ಎರಡು ತೆಳ್ಳನೆಯ ಟೊಂಗೆ. ಟೊಂಗೆಗಳ ತುದಿಗಷ್ಟೇ ಒಂದೊಂದು ಹಿಡಿ ಎಲೆ.

"ಏನವಾ ಸ್ನೇಹಲಾ, ಇದಕ್ಕೂ ಕಿಡ್ನಿ ಹೋಗೇತೇನು?" ಪಕ್ಕದ ಮಂಚದ ನಿಜಗುಣಪ್ಪ ಕತ್ತು ಚಾಚಿ ಕೇಳಿದ. ಅವನು ಕಿತ್ತೂರ ಹತ್ತಿರದ ದೇಗಾಂವದವನು, ಆ ಕೋಣೆಯಲ್ಲಿ ಎಲ್ಲರಿಗಿಂತ ಹಳೆಯ ಗಿರಾಕಿ. "ಕಾಲ ನೋಡು, ಹೆಂಗ ಬಾತಾವು. ನನಗಿಂತ ಮೊದಲ ಇದನ್ನ ಮಿಶಿನ್ನಿಗೆ ಹಚ್ಚು."

"ನೀವ ಎದ್ದ ಹೋದ್ರ ಹಚ್ಚತೇನ್ರಿ ಅಜ್ಜಾ. ಜಾಗಾ ಎಲ್ಲೈತಿ?"

"ನಾ ಸುಮ್ಮ ಹೋಗಾವಲ್ಲ ಮತ್ತ. ಒಂದ ಚರಗಿ ಮಜ್ಜಿಗಿ ಕುಡದ ಹೋಗಾವ."

ಎಲ್ಲರೂ ನಕ್ಕರು. ಗುರುನಾಥನೂ ನಕ್ಕ. ಮಗನ ಕಾಲ ಬಳಿ ಕುಳಿತಿದ್ದ ಶೆಟ್ಟೆವ್ವ ಮಾತ್ರ ನಗಲಿಲ್ಲ. ಅವಳು ದವಾಖಾನೆಗೆ ಬಂದದ್ದು ಅದೇ ಮೊದಲು. ಮಗನ ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ ಮತ್ತೊಂದು ಕೊಳವೆಯಲ್ಲಿ ಒಳಗೆ ಬರುವುದನ್ನು ನೋಡಲಾರದೆ ಅವಳು ಗಿಡವನ್ನೇ ನೋಡುತ್ತಿದ್ದಳು.

"ಏನ ಗಿಡಾ ತಂಗಿ ಇದು?"

"ಅಡೇನಿಯಂ ಅಂತಾರ್ರಿ ಆಯಿ. ಮರುಭೂಮಿದು. ಮನಿಯಾಗ, ಬಿಸಲ ಬೀಳೋ ಕಿಟಕಿಯಾಗ ಇಟ್ರ ಸಾಕು. ಕೆಂಪಗ ಹೂವಾ ಬಿಡತೈತಿ."

"ಪಾಪ, ಎಷ್ಟ ನೀರಡಿಸೇತೋ."

ಅಷ್ಟರಲ್ಲಿ ಮೂಲೆಯ ಯಂತ್ರವೊಂದು ಕೂಗಿಕೊಂಡಿತು. ಸ್ನೇಹಲ್ ಆ ಕಡೆ ಹೊರಟವಳು ಅರ್ಧಕ್ಕೆ ತಿರುಗಿ ನಿಂತಳು. "ಹಂಗ ಮರಗಬ್ಯಾಡ್ರಿ. ಈ ಗಿಡಾ ಆಗಲಿ, ನಿಮ್ಮ ಮಗಾ ಆಗಲಿ, ನೀರ ಬಿಟ್ರನ ಉಳಿಯೋದು. ನೆಪ್ಪಿಡ್ರಿ."

"ನೀರ ಬಿಟ್ರ?"

"ಹೂಂ ಮತ್ತ. ನೀರ ಬಿಟ್ರ ಇಬ್ರೂ ಗಟ್ಟಿ."

"ನಿನ್ನ ಬಾಯಾಗ ಸಕ್ಕರಿ ಬೀಳಲಿ ತಂಗಿ," ಎಂದು ಶೆಟ್ಟೆವ್ವ ಕೈ ಮುಗಿದಳು. ಸ್ನೇಹಲ್ ಆಗಲೇ ಆ ಕಡೆ ಓಡಿದ್ದಳು.

ಗುರುನಾಥನ ಹೆಂಡತಿ ಶೈಲಜಾ ಕೆಳಗಿನ ಔಷಧದ ಅಂಗಡಿಯಿಂದ ಮೇಲೆ ಬಂದಾಗ ಅತ್ತೆಯ ಮುಖ ನೋಡಿ ಬೆರಗಾದಳು. ಬೆಳಿಗ್ಗೆ ಬರುವಾಗ ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಿದ್ದ ಮುದುಕಿ ಈಗ ಗಿಡವನ್ನು ತೊಡೆಯ ಮೇಲೆ ಇಟ್ಟುಕೊಂಡು, ಹಸುಗೂಸನ್ನು ಹಿಡಿದಂತೆ ಹಿಡಿದಿದ್ದಳು. ಗಿಡ ಸಿಕ್ಕ ಖುಷಿ ಇರಬೇಕು ಎಂದುಕೊಂಡಳು ಶೈಲಜಾ. ಬೇರೆ ಏನೆಂದು ತಿಳಿಯಬೇಕು ಅವಳಾದರೂ?

ಸವದತ್ತಿಗೆ ತಿರುಗಿ ಬರುವಾಗ ಬಸ್ಸು ಕಾಲುವೆ ದಾಟಿತು. ಬೇಸಿಗೆಯಲ್ಲಿ ಒಣಗಿ ಬಿದ್ದಿರುತ್ತಿದ್ದ ಕಾಲುವೆಯಲ್ಲಿ ಕೆಂಪು ನೀರು ದಡ ಮುಟ್ಟಿ ಹರಿಯುತ್ತಿತ್ತು.

"ಏ ಗುರು, ನೋಡಲ್ಲೆ, ನೀರ ಬಿಟ್ಟಾರ," ಎಂದಳು ಶೆಟ್ಟೆವ್ವ, ಬಸ್ಸಿಗೆಲ್ಲ ಕೇಳುವಂತೆ. ಅವಳ ತವರು ರಾಮದುರ್ಗ ತಾಲೂಕಿನ ಸುರೇಬಾನ. ಮಳೆ ಬಂದರೆ ಜೋಳ, ಬರದಿದ್ದರೆ ಏನೂ ಇಲ್ಲ ಎನ್ನುವಂಥ ಹೊಲದಲ್ಲಿ ಬೆಳೆದವಳು. ಕಾಲುವೆ ಬಂದ ಮೇಲೆ 'ನೀರ ಬಿಟ್ಟಾರ' ಎಂದು ಯಾರಾದರೂ ಕೂಗಿದರೆ ಸಾಕು, ಒಲೆಯ ಮೇಲಿನ ರೊಟ್ಟಿಯನ್ನು ಅಲ್ಲೇ ಬಿಟ್ಟು ಸಲಿಕೆ ಹಿಡಿದು ಓಡುತ್ತಿದ್ದರಂತೆ. ಆ ಕಥೆಯನ್ನು ಅವಳು ಸೊಸೆಗೆ ಎಷ್ಟೋ ಸಲ ಹೇಳಿದ್ದಳು. ಅಂದೂ ಮತ್ತೆ ಹೇಳಿದಳು. ಗುರುನಾಥ ಕಿಟಕಿಗೆ ಹಣೆ ಒತ್ತಿ, ಕಾಲುವೆ ಮರೆಯಾಗುವವರೆಗೂ ನೋಡಿದ.

ಉಗರಗೋಳದ ರಸ್ತೆಯಲ್ಲಿ ಅವನದು ಮೋಟರು ವೈಂಡಿಂಗ್ ಅಂಗಡಿ, ಹಿಂದೆಯೇ ಮನೆ. ಬೋರಿನ ಮೋಟರು ಸುಟ್ಟರೆ ಸುತ್ತಿನ ಹಳ್ಳಿಯವರು ಅವನ ಹತ್ತಿರವೇ ತರುತ್ತಿದ್ದರು. ತಾಮ್ರದ ತಂತಿ ಸುತ್ತಿ ಸುತ್ತಿ ಎಷ್ಟು ಹೊಲಗಳಿಗೆ ನೀರು ಎಬ್ಬಿಸಿದ್ದನೋ ಅವನಿಗೇ ಲೆಕ್ಕವಿಲ್ಲ. ಈಗ ಅವನ ಪಾಲಿಗೆ ದಿನಕ್ಕೆ ಒಂದು ಸಣ್ಣ ಬಾಟಲಿ. ಬೆಳಿಗ್ಗೆ ಶೈಲಜಾ ತುಂಬಿಸಿ ಕೊಟ್ಟರೆ ಅದರಲ್ಲಿಯೇ ಗುಳಿಗೆ, ಅದರಲ್ಲಿಯೇ ಊಟದ ನಂತರದ ಗುಟುಕು. ಕುಡಿದ ನೀರು ಹೊರಗೆ ಹೋಗುವ ದಾರಿ ಅವನ ದೇಹದಲ್ಲಿ ಮುಚ್ಚಿಹೋಗಿತ್ತು. ಒಳಗೆ ಹೋದದ್ದು ಮೊದಲು ಕಾಲಿನಲ್ಲಿ ನಿಲ್ಲುತ್ತದೆ, ಆಮೇಲೆ ಎದೆಗೆ ಏರುತ್ತದೆ. ಯಂತ್ರ ತೆಗೆಯುವಷ್ಟನ್ನೇ ತೆಗೆಯಬಲ್ಲದು. ಇದನ್ನು ಡಾಕ್ಟರು ಶೈಲಜಾಳಿಗೆ ಬಿಡಿಸಿ ಹೇಳಿದ್ದರು, ಅವಳು ಅತ್ತೆಗೆ ಹೇಳಿದ್ದಳು, ಅತ್ತೆ ಹೂಂ ಅಂದಿದ್ದಳು.

ಗಂಡನ ನೀರಡಿಕೆಯನ್ನು ಕಣ್ಣಿಂದ ನೋಡುವುದು ಶೈಲಜಾಳಿಗೂ ಸುಲಭವಿರಲಿಲ್ಲ. ಮುಖ ತೊಳೆದುಕೊಂಡರೆ ತುಟಿಯ ಮೇಲೆ ನಿಂತ ಹನಿಯನ್ನೂ ಅವನ ನಾಲಿಗೆ ಬಂದು ಒಯ್ಯುತ್ತಿತ್ತು. ಬಾಟಲಿಯ ಹೊರಮೈ ಬೆವರಿದರೆ ಅದನ್ನೂ ಬೆರಳಿಂದ ಒರೆಸಿ ಬಾಯಿಗೆ ಇಟ್ಟುಕೊಳ್ಳುತ್ತಿದ್ದ. ಅವಳು ನೋಡುತ್ತಾಳೆಂದು ಗೊತ್ತಾದರೆ ನಾಚಿ ನಗುತ್ತಿದ್ದ.

ಮಾತಾಡಿಸಲು ಬಂದವರಿಗೆ ಬೆಲ್ಲ, ನೀರು ಕೊಡದೆ ಇರುವುದು ಹೇಗೆ? ಶೈಲಜಾ ಅವರನ್ನು ಅಡುಗೆಮನೆಗೆ ಕರೆದು ಅಲ್ಲಿಯೇ ಕೊಡುತ್ತಿದ್ದಳು. ಓಣಿಯ ಇಂದ್ರವ್ವನಿಗೆ ಅದು ಸರಿಬರಲಿಲ್ಲ.

"ಕಳ್ಳರಂಗ ಒಳಗ ಕುಂತ ನೀರ ಕುಡಿಯೋದು ನಾ ಇವತ್ತ ಕಂಡೆ ನೋಡ," ಎಂದಳು. "ಶೆಟ್ಟಕ್ಕಾ, ನಿನ್ನ ಸೊಸಿದು ಭಾಳ ಕಟ್ಟುನಿಟ್ಟವಾ. ನೀರ ಬೇಡಿದವಗ ಇಲ್ಲ ಅನ್ನೋದು ಇದ್ಯಾವ ಔಷಧನ?"

"ಇರಲಿ ಬಿಡ ಇಂದ್ರಿ. ದವಾಖಾನಿ ಬಾಯಿ ನನಗ ಹೇಳ್ಯಾಳ," ಎಂದಳು ಶೆಟ್ಟೆವ್ವ, ಏನೋ ಗುಟ್ಟು ಇದ್ದವಳಂತೆ. ಶೈಲಜಾಳಿಗೆ ಆ ಹೊತ್ತಿಗೆ ಸಮಾಧಾನವಾಯಿತು. ಅತ್ತೆಗೆ ತಿಳಿದಿದೆ, ತನ್ನ ಪರವಾಗಿಯೇ ಮಾತಾಡಿದಳು ಎಂದುಕೊಂಡಳು.

ಗಿಡವನ್ನು ಗುರುನಾಥನ ಮಂಚದ ಬಳಿಯ ಕಿಟಕಿಯಲ್ಲಿ ಇಟ್ಟರು. ಸ್ನೇಹಲ್ ಹೇಳಿದ್ದಂತೆ ಶೈಲಜಾ ಅದಕ್ಕೆ ಮಣ್ಣು ಪೂರಾ ಒಣಗಿದಾಗಷ್ಟೇ ಒಂದಿಷ್ಟು ನೀರು ತೋರಿಸುವವಳು. ಆದರೆ ಅದು ಒಣಗುತ್ತಿರುವಂತೆ ಕಾಣಲಿಲ್ಲ. ಎಲೆ ಮೇಲೆ ಎಲೆ ಬಂತು. ಬುಡ ಇನ್ನಷ್ಟು ಉಬ್ಬಿ ನುಣ್ಣಗೆ ಹೊಳೆಯತೊಡಗಿತು. ಒಂದು ದಿನ ಕೆಂಪು ಹೂವೊಂದು ಅರಳಿಯೇ ಬಿಟ್ಟಿತು.

"ನೋಡ ಶೈಲಾ, ಹೆಂಗ ಮೈ ತುಂಬೇತಿ," ಎಂದಳು ಶೆಟ್ಟೆವ್ವ. "ನನ್ನ ಮಗನ ಮುಖಾನೂ ಹಂಗ. ತಿಂಗಳ ಹಿಂದ ಹೆಂಗ ಬತ್ತಿ ಹೋಗಿತ್ತು, ಈಗ ನೋಡು."

ಶೈಲಜಾ ನೋಡಿದಳು. ಗುರುನಾಥನ ಮುಖ ನಿಜಕ್ಕೂ ತುಂಬಿಕೊಂಡಿತ್ತು. ಬೆಳಗಿನ ಹೊತ್ತು ಕಣ್ಣಿನ ಕೆಳಗೆ ಹೆಚ್ಚು ತುಂಬಿರುತ್ತಿತ್ತು. ಅವಳಿಗೆ ಆ ತುಂಬುವಿಕೆ ಸೇರಲಿಲ್ಲ.

ಆ ವಾರ ದವಾಖಾನೆಯ ತೂಕದ ಯಂತ್ರದ ಮೇಲೆ ಅವನು ನಿಂತಾಗ ಸ್ನೇಹಲ್‌ಳ ನಗು ನಿಂತಿತು.

"ದಾದಾ, ಎಲ್ಲಿ ಕುಡಿಯಾಕ ಹತ್ತೀರಿ?"

"ಎಲ್ಲೂ ಇಲ್ಲವಾ."

"ಎಲ್ಲೂ ಇಲ್ಲಂದ್ರ ಇಷ್ಟ ನೀರ ಆಕಾಶದಿಂದ ಬಂತೇನ್ರಿ? ಇವತ್ತ ಪೂರಾ ತಗಿಯಾಕ ಆಗಂಗಿಲ್ಲ. ಒಮ್ಮೆಲೆ ತಗದ್ರ ಎದಿ ತಡಕೊಳ್ಳಂಗಿಲ್ಲ." ಆಮೇಲೆ ಶೈಲಜಾಳನ್ನು ಬಾಗಿಲ ಹೊರಗೆ ಕರೆದಳು. "ವೈನಿ, ಹಿಂಗ ನಡದ್ರ ಒಂದಿನ ಉಸಿರಿಗೆ ಬರತೈತಿ. ಆವಾಗ ಇಲ್ಲಿತನಾ ಬರಾಕ ಟೈಮ್ ಸಿಗತೈತಿ ಅಂತ ಹೇಳಾಕ ಬರಂಗಿಲ್ಲ. ಯಾರ ಕೊಡಾಕ ಹತ್ಯಾರ ನೋಡ್ರಿ."

ಯಾರು? ಶೈಲಜಾಳಿಗೆ ಹೊಳೆದದ್ದು ಅಂಗಡಿಯ ಎದುರಿನ ಚಹಾದವನು. ಮರುದಿನವೇ ಅವನ ಮುಂದೆ ಹೋಗಿ ನಿಂತಳು.

"ಬಾಳು ಅಣ್ಣಾ, ನಮ್ಮವ್ರಿಗೆ ಚಾ ಕೊಟ್ಟೀ ಅಂದ್ರ ನಿನ್ನ ಒಲಿ ಮ್ಯಾಲ ಒಂದ ಕೊಡ ನೀರ ಸುರವತೇನಿ ನೋಡ."

ಬಾಳು ಸೋಸುತ್ತಿದ್ದ ಚಹಾ ನಿಲ್ಲಿಸಿದ. "ದೇವರಾಣಿ ವೈನಿ, ಕೊಟ್ಟಿಲ್ಲ. ಮೊದಲ ಕೇಳತಿದ್ದ, 'ಒಂದ ಗುಟುಕ ಹಾಕೋ' ಅಂತ. ಈಗ ಕೇಳೋದನ ಬಿಟ್ಟಾನ. ನೀರಡಿಕಿನ ಇಲ್ಲಲೇ ನನಗ ಅಂತಾನ. ಆರಾಮ ಆಗ್ಯಾನ ಅಂತ ನಾ ತಿಳಕೊಂಡೆ."

ನೀರಡಿಕೆಯೇ ಇಲ್ಲ. ಶೈಲಜಾ ರಸ್ತೆ ದಾಟುವಾಗ ಆ ಮಾತು ಅವಳ ಹಿಂದೆಯೇ ಬಂತು. ಅಂದಿನಿಂದ ಅವಳು ಹಗಲೆಲ್ಲ ಅಂಗಡಿಯಲ್ಲಿ ಗಂಡನ ಎದುರಿಗೇ ಕುಳಿತಳು. ಮೋಟರು ತೊಳೆಯುವ ಬಕೆಟ್ಟಿನ ಮೇಲೂ ಅವಳ ಕಣ್ಣು. ಅಡುಗೆ ಅತ್ತೆಯ ಪಾಲಿಗೆ ಬಂತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಮಿಂದು, ತುಳಸಿಗೆ ನೀರು ಹಾಕಿ, ಒಲೆ ಹಚ್ಚುವವಳು ಮೊದಲಿನಿಂದಲೂ ಶೆಟ್ಟೆವ್ವನೇ.

ಮುಂದಿನ ಸಲ ಬೈಲಹೊಂಗಲಕ್ಕೆ ಹೋದಾಗ ನಿಜಗುಣಪ್ಪನ ಮಂಚದ ಮೇಲೆ ತೊಳೆದ ಚಾದರು ಬಿಗಿಯಾಗಿ ಹಾಸಿತ್ತು.

"ದೇಗಾಂವದ ಕಾಕಾ ಬಂದಿಲ್ಲೇನ್ರಿ?" ಶೈಲಜಾ ಕೇಳಿದಳು.

ಸ್ನೇಹಲ್ ಗುರುನಾಥನ ತೋಳಿಗೆ ಪಟ್ಟಿ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. "ಊರಾಗ ಮದುವಿ ಇತ್ತಂತ. ಮಜ್ಜಿಗಿ ಮಾಡಿದ್ರಂತ."

ನಾಲ್ಕು ತಾಸು ಆ ಕೋಣೆಯಲ್ಲಿ ಯಂತ್ರಗಳಷ್ಟೇ ಮಾತಾಡಿದವು. ಗುರುನಾಥ ಆ ಚಾದರಿನ ಕಡೆಗೆ ಬೆನ್ನು ಮಾಡಲು ನೋಡಿದ. ಸೂಜಿ ಇದ್ದ ಕೈ ಹೊರಳಗೊಡಲಿಲ್ಲ.

ಅಲ್ಲಿಂದ ಅವನು ಮಲಗುವುದು ನಿಂತಿತು. ಮಲಗಿದರೆ ಉಸಿರು ಕಟ್ಟುತ್ತದೆಂದು ಬೆನ್ನಿಗೆ ದಿಂಬು ಒಟ್ಟಿಕೊಂಡು ಕುಳಿತೇ ನಿದ್ದೆ ಮಾಡತೊಡಗಿದ. ಕಿಟಕಿಯ ಗಿಡವೂ ಅದೇ ದಿನಗಳಲ್ಲಿ ಎಲೆ ಉದುರಿಸಿತು. ಮೊದಲು ಕೆಳಗಿನದೊಂದು ಹಳದಿಯಾಯಿತು, ಆಮೇಲೆ ದಿನವೂ ನಾಲ್ಕಾರು. ನೆಟ್ಟಗಿದ್ದ ಟೊಂಗೆಗಳು ಗುರುನಾಥನ ಮಂಚದ ಕಡೆಗೆ ಸ್ವಲ್ಪ ಸ್ವಲ್ಪವೇ ವಾಲಿದವು.

"ಬಿಸಲ ಜಾಸ್ತಿ ಆಗಿರಬೇಕು," ಎಂದಳು ಶೈಲಜಾ.

"ನೀರಡಿಸೇತಿ," ಎಂದಳು ಶೆಟ್ಟೆವ್ವ.

ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಬಂದಾಗ, ಕಿಟಕಿಯ ಕಟ್ಟೆ ಒರೆಸಲೆಂದು ಶೈಲಜಾ ಕುಂಡವನ್ನು ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ಭಾರವಾಗಿತ್ತು. ದವಾಖಾನೆಯಿಂದ ಒಂದೇ ಕೈಯಲ್ಲಿ ತಂದಿದ್ದ ಕುಂಡ ಈಗ ಎರಡು ಕೈಗೂ ಜಗ್ಗುತ್ತಿತ್ತು. ಮೇಲಿನ ಮರಳು ಒಣಗಿ ಬೆಳ್ಳಗಿತ್ತು. ಬೆರಳಿಂದ ಕೆದಕಿದರೆ ಕೆಳಗೆ ಕಪ್ಪು ಎರೆಮಣ್ಣು, ಹಿಂಡಿದರೆ ನೀರು ಬರುವಷ್ಟು ಹಸಿ. ಸುರೇಬಾನದಿಂದ ಅತ್ತೆಯ ತಮ್ಮ ಮಾಳಪ್ಪ ಚೀಲದಲ್ಲಿ ಎರೆಮಣ್ಣು ತಂದಿದ್ದು ಅವಳಿಗೆ ನೆನಪಾಯಿತು. ತುಳಸಿ ಕಟ್ಟೆಗೆ ಅಂತ ಅತ್ತೆ ಹೇಳಿದ್ದಳು.

ಅವಳು ಗಿಡದ ಉಬ್ಬಿದ ಬುಡವನ್ನು ಹೆಬ್ಬೆರಳಿಂದ ಒತ್ತಿದಳು. ಗಟ್ಟಿ ಇರಬೇಕಾದದ್ದು ಒಳಗೆ ಹೋಯಿತು. ಬೆರಳು ತೆಗೆದರೆ ಗುಳಿ ಹಾಗೇ ಉಳಿಯಿತು.

ಶೈಲಜಾ ಕುಂಡವನ್ನು ನೆಲಕ್ಕಿಟ್ಟು, ದಿಂಬಿಗೆ ಒರಗಿ ಕುಳಿತ ಗಂಡನ ಕಾಲಿನ ಬಳಿ ಬಂದು, ಅವನ ಪಾದದ ಹರಡಿನ ಮೇಲೆ ಅದೇ ಬೆರಳು ಒತ್ತಿದಳು. ತೆಗೆದಳು. ಇಬ್ಬರೂ ಆ ಗುಳಿಯನ್ನು ನೋಡಿದರು.

"ಗರಗಸದ ಬ್ಲೇಡ ತಾ," ಎಂದ ಗುರುನಾಥ. ಒಂದೊಂದು ಮಾತಿಗೂ ಅವನು ಉಸಿರು ಹುಡುಕಬೇಕಾಗಿತ್ತು. "ಕೊಳೆತದ್ದ ಕೊಯ್ದ ತಗದ್ರ... ಮ್ಯಾಲಿಂದು ಉಳೀತೈತಿ ಅಂತ... ಸ್ನೇಹಲ್ ಹೇಳಿದ್ಲು. ಬೆಳ್ಳಗ ಕಾಣೋತನಾ ಕೊಯ್ಯಬೇಕು."

ಅವಳು ಕೊಯ್ದಳು. ಗಡ್ಡೆ ಬೆಣ್ಣೆಯಂತೆ ಸೀಳಿತು; ಒಳಗೆ ಕಂದು ನೀರು, ಕೆಟ್ಟ ವಾಸನೆ. ಮೇಲಕ್ಕೆ ಇನ್ನೊಂದು ಕಡೆ ಕೊಯ್ದಳು. ಅಲ್ಲೂ ಕಂದು.

"ಇನ್ನ ಮ್ಯಾಲ," ಎಂದ ಅವನು.

ಟೊಂಗೆಯ ನಡುವೆ ಕೊಯ್ದಾಗಲೂ ಬಿಳಿಯ ಮಧ್ಯೆ ಒಂದು ಕಂದು ಉಂಗುರ ಇತ್ತು. ಹೊರಗಿನಿಂದ ಹಸಿರಾಗಿಯೇ ಇದ್ದ ಟೊಂಗೆ ಅದು.

"ಇನ್ನ ಮ್ಯಾಲ."

ಎಲೆಗಳ ಹತ್ತಿರ ಬಂದಾಗ, ಗೇಣುದ್ದದ ಒಂದು ತುಂಡಿನಲ್ಲಿ ಮಾತ್ರ ಬಿಳಿ ಕಂಡಿತು. ಶೈಲಜಾ ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಾಗ ಶೆಟ್ಟೆವ್ವ ಹಿತ್ತಲಿನಿಂದ ಒಳಗೆ ಬಂದಳು. ಚೂರುಚೂರಾದ ಗಿಡ ನೋಡಿ ಅವಳ ಬಾಯಿ ತೆರೆಯಿತು.

"ಅದರ ಜೀವಾ ಯಾಕ ತಗದೀ ತಾಯಿ?"

"ಅತ್ತೀ, ಇದಕ್ಕ ನೀರ ಹಾಕೀರೇನ್ರಿ?"

"ಹಾಕೇನಿ. ದಿನಾ ತುಳಸಿಗೆ ಬಿಟ್ಟ ಮ್ಯಾಲ ಇದಕ್ಕ ಬಿಡತೇನಿ." ಮುಚ್ಚಿಡುವ ಅಳುಕು ಅವಳ ದನಿಯಲ್ಲಿ ಸ್ವಲ್ಪವೂ ಇರಲಿಲ್ಲ. "ಮರಳಾಗ ನೀರ ನಿಂದರತೈತೇನು? ಎರಿ ಮಣ್ಣ ಹಾಕಿ ಜ್ವಾಕಿ ಮಾಡೇನಿ."

ಶೈಲಜಾಳ ಮುಂದಿನ ಪ್ರಶ್ನೆ ಬಹಳ ಮೆಲ್ಲಗೆ ಬಂತು. "ಮತ್ತ ಇವ್ರಿಗೆ?"

ಗುರುನಾಥ ಗೋಡೆಯ ಕಡೆ ನೋಡಿದ.

"ಇದಕ್ಕ ಬಿಟ್ಟ ಮ್ಯಾಲ ಅವಗ. ಬೆಳಿಗ್ಗೆ ನೀ ಏಳೂದರೊಳಗ ಒಂದ ತಂಬಿಗಿ. ಮಧ್ಯಾಹ್ನ ನೀ ಅಂಗಡಿ ಬಾಗಲಾ ಹಾಕೂದರೊಳಗ ಒಂದೀಟ." ಶೆಟ್ಟೆವ್ವ ಸೆರಗು ಸರಿಮಾಡಿಕೊಂಡಳು. "ನಿನ್ನ ಮುಂದ ಹೇಳಿದ್ರ ಜಗಳಾ ತಗೀತಿ ಅಂತ ಹೇಳಿಲ್ಲ. ನೀ ಕೇಳಿದ್ದ ಯಾವ ಡಾಕ್ಟರನ ಮಾತೋ. ನನಗ ಮಿಶಿನ್ ನಡಸಾಕಿನ ಹೇಳ್ಯಾಳ, ನೀರ ಬಿಟ್ರನ ಉಳೀತಾನ ಅಂತ."

"ಹಂಗ ಹೆಂಗ ಹೇಳ್ಯಾಳು ಆಕಿ?"

"ಇವನ ಮುಂದನ ಹೇಳ್ಯಾಳ. ಕೇಳ."

ಶೈಲಜಾ ಗಂಡನ ಕಡೆ ತಿರುಗಿದಳು. "ನಿಮಗ ಗೊತ್ತಿತ್ತಲ್ಲರಿ, ಆಕಿ ಏನ ಹೇಳಿದ್ಲಂತ."

"ಗೊತ್ತಿತ್ತು."

"ಮತ್ತ ಯಾಕ ಕುಡದ್ರಿ?"

"ಅವ್ವ ತಂಬಿಗಿ ಹಿಡಕೊಂಡ ನಿಂತಿರತಾಳ, ಶೈಲಾ. ತಣ್ಣಗ... ತುಂಬ ತುಂಬಿದ್ದು. ಅವ್ವಗೂ ಗೊತ್ತೈತಿ, ಗೊತ್ತಿದ್ದನ ಕೊಡತಾಳ ಅಂತ ತಿಳಕೊಂಡೆ. ನೋಡಾಕ ಆಗದ ಕೊಡತಾಳ ಅಂತ."

"ಏನ ಗೊತ್ತೈತಿ ನನಗ?" ಎಂದಳು ಶೆಟ್ಟೆವ್ವ. "ಫೋನ್ ಹಚ್ಚ ಆಕಿಗೆ. ಈಗ ಹಚ್ಚ. ನಿನ್ನ ಕಿವೀಲೆ ಕೇಳ."

ಶೈಲಜಾ ಹಚ್ಚಿದಳು. ಎಲ್ಲರಿಗೂ ಕೇಳಲೆಂದು ಫೋನನ್ನು ಮಂಚದ ಮೇಲೆ ಇಟ್ಟಳು. ಸ್ನೇಹಲ್‌ಳ ದನಿಯ ಹಿಂದೆ ಯಂತ್ರಗಳ ಸದ್ದು ಬರುತ್ತಿತ್ತು.

"ತಂಗಿ, ನಾ ಗುರುನಾಥನ ಅವ್ವ," ಎಂದು ಶೆಟ್ಟೆವ್ವ ಬಾಗಿ ಫೋನಿಗೆ ಕೂಗಿದಳು. "ನೀನ ಹೇಳಿದ್ದಿಲ್ಲೇನ, ನೀರ ಬಿಡಬೇಕು ಅಂತ?"

"ಹೌದ್ರಿ ಆಯಿ, ನೀರ ಬಿಡಬೇಕಂತನ ಹೇಳೇನಿ. ಎಲ್ಲಾರಿಗೂ ದಿನಾ ಅದನ ಹೇಳತೇನಿ. ಯಾಕ್ರಿ?"

ಶೆಟ್ಟೆವ್ವ ಸೊಸೆಯ ಮುಖ ನೋಡಿದಳು. ಗೆದ್ದವಳ ನೋಟ ಅದು. "ಕೇಳಿದ್ಯಾ?"

ಫೋನಿನಲ್ಲಿ ಸ್ನೇಹಲ್ ಬೇರೆಯೇ ದನಿಯಲ್ಲಿ ಕೇಳಿದಳು: "ಅಲ್ಲಿ ಏನ ಸಪ್ಪಳ ಅದು? ಯಾರ ಉಸಿರದು?"

ಆಗಲೇ ಅವರಿಬ್ಬರಿಗೂ ಅದು ಕೇಳಿಸಿತು. ಮಾತಿನ ಗದ್ದಲದಲ್ಲಿ ಕೇಳದೆ ಇದ್ದದ್ದು. ಗುರುನಾಥ ಉಸಿರೆಳೆದಾಗಲೆಲ್ಲ ಅವನ ಎದೆಯೊಳಗೆ ಹುಕ್ಕಾ ಸೇದಿದಂತೆ ನೀರು ಗುಳುಗುಳು ಎನ್ನುತ್ತಿತ್ತು.

"ಈಗಿಂದೀಗ ಕರಕೊಂಡ ಬರ್ರಿ ವೈನಿ. ಮಲಗಸಬ್ಯಾಡ್ರಿ. ಕುಂದರಿಸಿಕೊಂಡ ಬರ್ರಿ. ನಾ ಮಿಶಿನ್ ಖಾಲಿ ಇಡತೇನಿ. ಹನಿ ನೀರ ಸೈತ ಕೊಡಬ್ಯಾಡ್ರಿ."

ಫೋನು ಆರಿತು. ಶೆಟ್ಟೆವ್ವ ಆರಿದ ಫೋನನ್ನೇ ನೋಡುತ್ತಿದ್ದಳು. "ಹಿಂಗ್ಯಾಕಂದ್ಲು? ಮೊದಲ ಬಿಡ್ರಿ ಅಂದ್ಲು, ಈಗ ಕೊಡಬ್ಯಾಡ ಅಂತಾಳ."

ಶೈಲಜಾ ಗಂಡನಿಗೆ ಅಂಗಿ ತೊಡಿಸುತ್ತಿದ್ದಳು.

"ಅತ್ತೀ, ನೀವು ತಂಬಾಕ ಬಿಟ್ಟೀರಲ್ಲರಿ, ಆ ಬಿಡೋದ್ರಿ ಅದು. ಕಾಲುವಿಗೆ ಬಿಡೋದಲ್ಲ."

ಶೆಟ್ಟೆವ್ವ ನೆಲದ ಮೇಲೆ ಬಿದ್ದಿದ್ದ ಗಿಡದ ಚೂರುಗಳಲ್ಲಿ ಒಂದನ್ನು ಎತ್ತಿಕೊಂಡಳು. ಅದರಿಂದ ಇಳಿದ ನೀರು ಅವಳ ಅಂಗೈಯಲ್ಲಿ ನಿಂತಿತು.

ಪಕ್ಕದ ಅಂಗಡಿಯ ವಿರೂಪಾಕ್ಷನ ಕಾರು ಬಂತು. ಶೈಲಜಾ ದಾರಿಯುದ್ದಕ್ಕೂ ದವಾಖಾನೆಯ ಜೊತೆ ಮಾತಾಡಬೇಕೆಂದು ಮುಂದೆ ಕುಳಿತಳು. ಹಿಂದೆ ತಾಯಿ, ಮಗ. ಹೊರಡುವ ಮುನ್ನ ಗುರುನಾಥ ಆ ಬಿಳಿ ತುಂಡನ್ನು ತೋರಿಸಿ, "ಕಿಟಕ್ಯಾಗ ತೂಗ ಹಾಕ. ಒಣಗಲಿ. ನೀರ ತೋರಸಬ್ಯಾಡ," ಎಂದಿದ್ದ. ಶೈಲಜಾ ದಾರ ಕಟ್ಟಿ ತಲೆಕೆಳಗಾಗಿ ತೂಗುಹಾಕಿಯೇ ಬಂದಿದ್ದಳು. ಅವನು ಹೇಳಿದ್ದೊಂದನ್ನಾದರೂ ತಪ್ಪದೆ ಮಾಡಿದರೆ ಎಲ್ಲವೂ ಸರಿಹೋಗುತ್ತದೆಂದು ಅವಳಿಗೆ ಯಾಕೋ ಅನ್ನಿಸಿತ್ತು.

ಊರು ದಾಟಿದರು. ಬಿಸಿಲು ರಸ್ತೆಯ ಮೇಲೆ ನೀರು ಹರಿದಂತೆ ತೋರಿ ತೋರಿ ಹಿಂದೆ ಸರಿಯುತ್ತಿತ್ತು. ಗುರುನಾಥ ತಾಯಿಯ ಹೆಗಲಿಗೆ ಒರಗಿ ಕುಳಿತಿದ್ದ. ಅವಳು ತನ್ನ ಹಳೆಯ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಆ ಚೀಲದಲ್ಲಿ ಯಾವಾಗಲೂ ಒಂದು ಬಾಟಲಿ ನೀರು ಇರುತ್ತಿತ್ತು. ಸುರೇಬಾನದವರು ನೀರಿಲ್ಲದೆ ಊರು ಬಿಡುವುದಿಲ್ಲ.

"ಶೈಲಾ," ಎಂದಳು ಶೆಟ್ಟೆವ್ವ.

"ಹೇಳ್ರಿ."

"ನನಗ ಯಾಕ ಬಿಡಿಸಿ ಹೇಳಲಿಲ್ಲ ಆಕಿ?"

ಶೈಲಜಾ ಹಿಂತಿರುಗಲಿಲ್ಲ. ಹಿಂದಿನಿಂದ ಆ ಗುಳುಗುಳು ಕೇಳುತ್ತಲೇ ಇತ್ತು, ಮತ್ತು ಅದು ಕೇಳುವಷ್ಟು ಹೊತ್ತು ಎಲ್ಲ ಇನ್ನೂ ಕೈಯಲ್ಲೇ ಇದೆ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. "ವಿರೂಪಾಕ್ಷಣ್ಣಾ, ಇನ್ನೊಂದೀಟ ಜೋರ ಹೊಡೀರಿ," ಎಂದಳಷ್ಟೇ.

ಕಾಲುವೆ ಬಂತು. ನೀರು ಇನ್ನೂ ದಡಕ್ಕೆ ಹತ್ತಿಯೇ ಹರಿಯುತ್ತಿತ್ತು. ಸೇತುವೆಯ ಮೇಲೆ ಎದುರಿನಿಂದ ಕಬ್ಬಿನ ಟ್ರ್ಯಾಕ್ಟರೊಂದು ಬಂದದ್ದರಿಂದ ವಿರೂಪಾಕ್ಷ ಕಾರನ್ನು ಅಂಚಿಗೆ ನಿಲ್ಲಿಸಬೇಕಾಯಿತು. ತೆರೆದ ಕಿಟಕಿಯಿಂದ ತಂಪು ಗಾಳಿ ಒಳಗೆ ಬಂತು. ಗುರುನಾಥ ಕಣ್ಣು ತೆರೆದು ನೀರನ್ನು ನೋಡಿದ.

"ಯವ್ವಾ."

"ಹೂಂ ನನ್ನಪ್ಪಾ."

"ಒಂದ ಗುಟುಕ ಬಿಡ. ಬಾಯಾಗ."

ಶೆಟ್ಟೆವ್ವನ ಕೈ ಚೀಲದೊಳಗೆ ಹೋಯಿತು. ಮುಂದಿನ ಕನ್ನಡಿಯಲ್ಲಿ ಶೈಲಜಾ ಅದನ್ನು ಕಂಡು ಹಿಂದಕ್ಕೆ ತಿರುಗಿದಳು. ಆದರೆ ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಬಾಟಲಿಯ ಮುಚ್ಚಳ ತೆಗೆದು, ಕೈಯನ್ನು ಕಿಟಕಿಯ ಹೊರಗೆ ಚಾಚಿದ್ದಳು.

"ಬಿಟ್ಟೇನಪಾ," ಎಂದಳು. "ನೀರ ಬಿಟ್ಟೇನಿ ನೋಡ. ನೀನೂ ಬಿಡು."

ಬಾಟಲಿ ಬರಿದಾಗುವವರೆಗೂ ಅವಳು ಕೈ ಒಳಗೆ ತೆಗೆದುಕೊಳ್ಳಲಿಲ್ಲ. ಗಾಳಿ ಒಂದಿಷ್ಟು ನೀರನ್ನು ತಿರುಗಿ ಒಳಗೆ ಎರಚಿತು. ಶೆಟ್ಟೆವ್ವನ ಸೆರಗಿನ ಮೇಲೆ ಬಿತ್ತು, ಸೀಟಿನ ಮೇಲೆ ಬಿತ್ತು. ಒಂದು ಹನಿ ಗುರುನಾಥನ ಕೆಳತುಟಿಯ ಮೇಲೆ ಬಂದು ನಿಂತಿತು.

ಟ್ರ್ಯಾಕ್ಟರು ದಾಟಿ ಅದರ ಸದ್ದು ಅಡಗಿತು; ಕಾರಿನೊಳಗೆ ಆ ಗುಳುಗುಳು ಈಗ ಕೇಳುತ್ತಿರಲಿಲ್ಲ. ವಿರೂಪಾಕ್ಷ ಗೇರು ಹಾಕಿದ. ತಾಯಿಯೂ ಹೆಂಡತಿಯೂ ಆ ಹನಿಯನ್ನೇ ನೋಡುತ್ತ, ನಾಲಿಗೆ ಬಂದು ಅದನ್ನು ಒಯ್ಯಲೆಂದು ಕಾದರು. ಕಾರು ಅಲುಗಿದಾಗ ಹನಿ ತುಟಿಯಿಂದ ಜಾರಿ, ಗದ್ದದ ಮೇಲಿಂದ ಇಳಿದು, ಅಂಗಿಯ ಮೇಲೆ ಬಿತ್ತು.